ಮಾತಿಗೂ ಚಿಕಿತ್ಸೆ ಉಂಟು

ಬೆಳಿಗ್ಗೆ ಅಂಕೋಲೆಯ ಮೀನುಪೇಟೆಗೆ ಹೋಗಿ ನೋಡಿ. ಎಷ್ಟು ಮಾತು!

"ಬಂಗಡೆ ತಾಜಾ ಉಂಟು, ಬಾ ತಂಗಿ."

"ನೂರಕ್ಕೆ ಇಷ್ಟೇನಾ? ಇನ್ನೆರಡು ಹಾಕು ಅಕ್ಕಾ."

ಬುಟ್ಟಿಯ ಈಚೆ ಕೂತವಳಿಗೆ ಮಾತು ಬೇಕು. ಆಚೆ ನಿಂತವಳಿಗೂ ಮಾತು ಬೇಕು. ಮಾತಿಲ್ಲದೆ ವ್ಯಾಪಾರ ನಡೆಯುವುದಿಲ್ಲ. ಜಗಳವೂ ನಡೆಯುವುದಿಲ್ಲ.

ನಾವು ಅಕ್ಷರ ಕಲಿತದ್ದು ನಮಗೆ ನೆನಪಿದೆ. ಯಾರು ಕಲಿಸಿದರು, ಎಲ್ಲಿ ಕೂತು ಕಲಿತೆವು, ಮೊದಲು ಬರೆದ ಹೆಸರು ಯಾವುದು, ಎಲ್ಲಾ ನೆನಪಿದೆ. ಆದರೆ ಮಾತು ಕಲಿತದ್ದು? ಯಾರಿಗೂ ನೆನಪಿಲ್ಲ. ಅದು ತಾನಾಗಿ ಬಂತು ಅಂದುಕೊಂಡಿದ್ದೇವೆ. ಎಲ್ಲರಿಗೂ ಹಾಗೆ ತಾನಾಗಿ ಬರುವುದಿಲ್ಲ. ಕೆಲವು ಮಕ್ಕಳಿಗೆ ಮಾತು ಬರುವುದೇ ತಡ. ಕೆಲವರದು ಉಗ್ಗು ಮಾತು. ಕೆಲವು ಹಿರಿಯರಿಗೆ ಬಂದ ಮಾತೇ ಒಂದು ದಿನ ಹೋಗಿಬಿಡುತ್ತದೆ.

ಇದಕ್ಕೆ ಚಿಕಿತ್ಸೆ ಉಂಟು. ಇದನ್ನು ವಾಕ್ ಚಿಕಿತ್ಸೆ ಅನ್ನುತ್ತಾರೆ. ಆಸ್ಪತ್ರೆಯಲ್ಲಿ 'ಸ್ಪೀಚ್ ತೆರಪಿ' ಎಂದು ಕೇಳಿದರೂ ನಡೆಯುತ್ತದೆ.

ಬೇಲೆಕೇರಿಯಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಗಂಡ ದೋಣಿಗೆ ಹೋಗುತ್ತಾನೆ. ಹೆಂಡತಿ ಮೀನು ಮಾರುತ್ತಾಳೆ. ಅವರಿಗೆ ಎರಡೂವರೆ ವರ್ಷದ ಮಗ. ನೋಡಲು ಚೆಂದ. ಓಡುತ್ತಾನೆ, ನಗುತ್ತಾನೆ. ಆದರೆ ಮಾತು ಎರಡೇ. 'ಆಯಿ' ಅನ್ನುತ್ತಾನೆ. 'ಬಾಬಾ' ಅನ್ನುತ್ತಾನೆ. ಉಳಿದದ್ದಕ್ಕೆಲ್ಲ ಬೆರಳು ತೋರಿಸುತ್ತಾನೆ. ಕೊಡದಿದ್ದರೆ ನೆಲಕ್ಕೆ ಬಿದ್ದು ಅಳುತ್ತಾನೆ.

ತಾಯಿಗೆ ಒಳಗೊಳಗೇ ಹೆದರಿಕೆ. ಅಜ್ಜಿ ಹೇಳುತ್ತಾಳೆ: "ಹೆದರೂಕೆ ಎಂತ ಉಂಟು? ಇವನ ಅಪ್ಪನೂ ತಡವೇ ಮಾತಾಡಿದ್ದು. ಗಂಡು ಹುಡುಗ್ರು ಹಾಗೇ."

ಈ ಮಾತು ನಮ್ಮ ಎಲ್ಲಾ ಊರಲ್ಲೂ ಇದೆ. ಅಜ್ಜಿ ಹೇಳುವುದರಲ್ಲಿ ಸ್ವಲ್ಪ ಸತ್ಯವೂ ಇದೆ. ತಡವಾಗಿ ಮಾತಾಡಿದ ಕೆಲವು ಮಕ್ಕಳು ಮುಂದೆ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ನಮ್ಮ ಮಗು ಆ ಗುಂಪಿನದೋ ಅಲ್ಲವೋ ಎಂದು ಮನೆಯಲ್ಲಿ ಕೂತು ಹೇಳುವುದು ಹೇಗೆ? ಹೇಳಲು ಬರುವುದಿಲ್ಲ. ಕಾಯುತ್ತಾ ಕೂತರೆ ಮೂರು ವರ್ಷ ಆಗುತ್ತದೆ, ನಾಲ್ಕು ಆಗುತ್ತದೆ. ಮಾತು ಕಲಿಯಲು ಮಗುವಿನ ಮಿದುಳು ಬಹಳ ಚುರುಕಾಗಿರುವುದು ಈ ಮೊದಲ ವರ್ಷಗಳಲ್ಲೇ. ಗದ್ದೆ ಹದವಾಗಿದ್ದಾಗ ಬಿತ್ತಬೇಕು. ಹದ ತಪ್ಪಿದರೆ ಬೆಳೆ ಬರುವುದೇ ಇಲ್ಲ ಎಂದಲ್ಲ. ಕಷ್ಟ ಜಾಸ್ತಿ.

ಹಾಗಾದರೆ ಎಷ್ಟು ದಿನ ಕಾಯಬಹುದು? ಒಂದು ಅಂದಾಜು ಹೇಳುತ್ತೇವೆ. ಆರೇಳು ತಿಂಗಳಿಗೆ ಮಗು ಸದ್ದು ಬಂದ ಕಡೆ ತಿರುಗಬೇಕು. 'ಬಬಬ', 'ದದದ' ಎಂದು ಆಡತೊಡಗಬೇಕು. ಒಂದು ವರ್ಷಕ್ಕೆ ಹೆಸರು ಕರೆದರೆ ನೋಡಬೇಕು. ಆ ಹೊತ್ತಿಗೆ ಮೊದಲ ಮಾತು ಬರುತ್ತದೆ, ಕೆಲವರಿಗೆ ಇನ್ನೂ ಎರಡು ಮೂರು ತಿಂಗಳು ಹೆಚ್ಚು ಬೇಕು. ಎರಡು ವರ್ಷಕ್ಕೆ ಎರಡು ಮಾತು ಜೋಡಿಸಬೇಕು. 'ಆಯಿ ಬಾ', 'ಅನ್ನ ಬೇಡ', ಹೀಗೆ. ಮೂರು ವರ್ಷಕ್ಕೆ ಆಚೆಮನೆಯವರಿಗೂ ಅದರ ಮಾತು ಬಹಳಷ್ಟು ತಿಳಿಯಬೇಕು. ಇದರಲ್ಲಿ ಬಹಳ ಹಿಂದೆ ಬಿದ್ದರೆ ತೋರಿಸಿಕೊಂಡು ಬನ್ನಿ. ಇದ್ದ ಮಾತೂ ಕಡಿಮೆ ಆಗುತ್ತಾ ಬಂದರೆ ಒಂದು ದಿನವೂ ಕಾಯಬೇಡಿ. ತೋರಿಸಿದ ಮೇಲೆ "ಏನೂ ಇಲ್ಲ, ಮಗು ಸರಿ ಉಂಟು" ಎಂದರೆ ಒಳ್ಳೆಯದೇ ಆಯಿತು. ನಷ್ಟ ಒಂದು ದಿನದ್ದು.

ಮೊದಲು ಕಿವಿ

ಮಾತು ಬಾಯಿಯ ಕೆಲಸ ಎಂದು ನಾವು ತಿಳಿಯುತ್ತೇವೆ. ಮಾತು ಶುರುವಾಗುವುದು ಕಿವಿಯಲ್ಲಿ. ಕೇಳದ ಮಾತನ್ನು ಮಗು ಆಡುವುದು ಹೇಗೆ?

ಅದಕ್ಕೇ ಮಾತು ತಡವಾದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಮಾಡುತ್ತಾರೆ. "ನಮ್ಮ ಮಗುವಿಗೆ ಕಿವಿ ಕೇಳ್ತದೆ, ತಟ್ಟೆ ಬಿದ್ದರೆ ತಿರುಗ್ತದೆ" ಎಂದು ತಾಯಂದಿರು ಹೇಳುವುದುಂಟು. ತಟ್ಟೆಯ ಸದ್ದು ದೊಡ್ಡದು. ಮಾತಿನ ಸದ್ದು ಸಣ್ಣದು. ತಟ್ಟೆ ಕೇಳಿದ ಕಿವಿಗೆ 'ಸ' ಕೇಳದೇ ಇರಬಹುದು. ಹಾಗಾಗಿ ಮನೆಯ ಪರೀಕ್ಷೆ ಸಾಲದು.

ಹುಟ್ಟಿದ ಕೂಸಿಗೂ ಈ ಪರೀಕ್ಷೆ ಮಾಡಬಹುದು. ಕೂಸು ಮಲಗಿರುವಾಗ ಕಿವಿಗೆ ಮೆತ್ತನೆಯ ಸಣ್ಣ ಬಿರಡೆ ಇಡುತ್ತಾರೆ. ಯಂತ್ರವೇ ಹೇಳುತ್ತದೆ. ನೋವಿಲ್ಲ, ಕೂಸಿಗೆ ಎಚ್ಚರವೂ ಆಗುವುದಿಲ್ಲ. ಮೊದಲ ತಿಂಗಳಲ್ಲಿ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಹೀಗೆ ಆದರೆ ಬಹಳ ಒಳ್ಳೆಯದು. ಹೆರಿಗೆ ಆದಲ್ಲಿ ಕೇಳಿ: "ಮಗುವಿನ ಕಿವಿ ಪರೀಕ್ಷೆ ಆಯ್ತೇ?" ಕೇಳುವುದಕ್ಕೆ ನಾಚಿಕೆ ಬೇಡ. ಸಂಬಂಧದಲ್ಲೇ ಮದುವೆಯಾದವರ ಮಗು, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಹುಟ್ಟಿದಾಗ ಬಹಳ ಕಾಮಾಲೆ ಆದ ಮಗು, ಇವರಿಗಂತೂ ತಪ್ಪಿಸಲೇಬಾರದು.

ಕಿವಿ ಮಂದ ಎಂದು ಗೊತ್ತಾದರೆ ಕಿವಿಯಂತ್ರ ಕೊಡುತ್ತಾರೆ. ಯಂತ್ರದಿಂದಲೂ ಕೇಳದ ಕೆಲವು ಮಕ್ಕಳಿಗೆ ಕಿವಿಯ ಒಳಗೆ ಶಸ್ತ್ರಕ್ರಿಯೆ ಮಾಡಿ ಒಂದು ಸಾಧನ ಕೂರಿಸುತ್ತಾರೆ. ಇದಕ್ಕೆ ಲಕ್ಷಗಟ್ಟಲೆ ಖರ್ಚು. ಆರು ವರ್ಷದೊಳಗಿನ ಮಕ್ಕಳಿಗೆ ಇದನ್ನು ಉಚಿತವಾಗಿ ಮಾಡಿಸಲು ಕರ್ನಾಟಕದಲ್ಲಿ 'ಶ್ರವಣ ಸಂಜೀವಿನಿ' ಎಂಬ ಯೋಜನೆ ಬಂದಿದೆ. ಆದರೆ ಸಾಧನ ಕೂರಿಸಿದ ಮರುದಿನ ಮಗು ಮಾತಾಡುವುದಿಲ್ಲ. ಅದಕ್ಕೆ ಆಗ ಬರೀ ಸದ್ದು ಕೇಳುತ್ತದೆ. ಯಾವ ಸದ್ದು ಏನು ಎಂದು ತಿಳಿಯಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಲಿಸಬೇಕು. ಬಲೆ ಕೊಂಡರೆ ಸಾಲದು, ಬೀಸಲು ಕಲಿಯಬೇಕು.

ಒಂದು ಮಾತು ಮರೆಯುವ ಮೊದಲು ಹೇಳಿಬಿಡಬೇಕು. ಕೂಸಿನ ಕಿವಿಗೆ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡಬೇಡಿ. ಕಡ್ಡಿ, ಹೇರ್‌ಪಿನ್ ಹಾಕಿ ಕೆರೆಯಬೇಡಿ. ಕಿವಿ ಸೋರುತ್ತಿದ್ದರೆ "ಮಳೆಗಾಲಕ್ಕೆ ಹಾಗೇ" ಎಂದು ಬಿಡಬೇಡಿ. ಸೋರಿ ಸೋರಿ ಕಿವಿ ಮಂದವಾಗುತ್ತದೆ.

ಇದೆಂಥಾ ಚಿಕಿತ್ಸೆ, ಆಟ ಆಡಿಸ್ತಾರೆ!

ವಾಕ್ ಚಿಕಿತ್ಸೆಗೆ ಹೋದ ತಾಯಂದಿರಿಗೆ ಮೊದಲ ದಿನ ಬೇಸರವಾಗುತ್ತದೆ. ಸೂಜಿ ಇಲ್ಲ. ಗುಳಿಗೆ ಇಲ್ಲ. ಟಾನಿಕ್ಕೂ ಇಲ್ಲ. ತಜ್ಞೆ ಮಗುವಿನ ಜೊತೆ ನೆಲದ ಮೇಲೆ ಕೂತು ಚೆಂಡು ಉರುಳಿಸುತ್ತಾಳೆ. "ಇದಕ್ಕಾ ನಾವು ಕೂಲಿ ಬಿಟ್ಟು ಬಸ್ಸು ಹತ್ತಿ ಬಂದದ್ದು?" ಎನ್ನಿಸುತ್ತದೆ.

ಸ್ವಲ್ಪ ಗಮನ ಇಟ್ಟು ನೋಡಿ. ತಜ್ಞೆ ಚೆಂಡು ತೋರಿಸುತ್ತಾಳೆ. ಕೊಡುವುದಿಲ್ಲ. "ಚೆಂಡು" ಅನ್ನುತ್ತಾಳೆ. ಮಗುವಿನ ಮುಖ ನೋಡುತ್ತಾ ಸುಮ್ಮನೆ ಕಾಯುತ್ತಾಳೆ. ಮಗು ಕೈ ಚಾಚುತ್ತದೆ. ಅವಳು ಕಾಯುತ್ತಾಳೆ. ಮಗು ಅವಳ ಮುಖ ನೋಡುತ್ತದೆ. ಬಾಯಿಂದ "ಚೆ" ಎಂದು ಬರುತ್ತದೆ. ಕೂಡಲೇ "ಹಾಂ, ಚೆಂಡು!" ಎಂದು ಕೊಟ್ಟುಬಿಡುತ್ತಾಳೆ. ಮಗುವಿಗೆ ಒಂದು ವಿಷಯ ತಿಳಿಯಿತು. ಬಾಯಿ ಬಿಟ್ಟರೆ ಕೆಲಸ ಆಗುತ್ತದೆ.

ಆ ಕಾಯುವುದೇ ದೊಡ್ಡ ವಿದ್ಯೆ. ನಾವು ಮನೆಯಲ್ಲಿ ಕಾಯುವುದಿಲ್ಲ. ಮಗು ಬೆರಳು ತೋರಿಸುವ ಮೊದಲೇ ನೀರು ಕೊಟ್ಟುಬಿಡುತ್ತೇವೆ. ಕೆಲಸದ ಅವಸರ. ಇಲ್ಲದಿದ್ದರೆ "ನೀರು ಅನ್ನು, ನೀರು ಅನ್ನು, ಅಂದರೇ ಕೊಡೂದು" ಎಂದು ಅಳಿಸುತ್ತೇವೆ. ಎರಡೂ ಬೇಡ. ಹೇಳಿ, ಕಾಯಿರಿ, ಅರ್ಧ ಮಾತು ಬಂದರೂ ಕೊಡಿ.

ವಾರಕ್ಕೆ ಒಂದೋ ಎರಡೋ ಸಲ, ಅರ್ಧ ಮುಕ್ಕಾಲು ಗಂಟೆ ತಜ್ಞೆ ಕಲಿಸುತ್ತಾಳೆ. ಉಳಿದ ದಿನವೆಲ್ಲ ಮಗು ನಿಮ್ಮ ಹತ್ತಿರ ಇರುತ್ತದೆ. ಹಾಗಾಗಿ ಹೆಚ್ಚಿನ ಚಿಕಿತ್ಸೆ ನಡೆಯುವುದು ಮನೆಯಲ್ಲೇ. ತಜ್ಞೆ ನಿಮಗೇ ಕಲಿಸಿ ಕಳಿಸುತ್ತಾಳೆ ಎಂದರೂ ಸರಿ. ಇದಕ್ಕೆ ಬೇರೆ ಹೊತ್ತು ಬೇಡ. ಮೀನು ಹಸನು ಮಾಡುವಾಗ ಮಗುವನ್ನು ಎದುರಿಗೆ ಕೂರಿಸಿ. "ಇದು ಬಂಗಡೆ. ಇದು ಶೆಟ್ಲಿ. ಬಂಗಡೆ ದೊಡ್ಡದು. ಶೆಟ್ಲಿ ಸಣ್ಣದು." ಮೀಯಿಸುವಾಗ "ಕೈ ಕೊಡು, ಕಾಲು ಕೊಡು." ಮಗು "ಮೀನು" ಅಂದರೆ ನೀವು "ದೊಡ್ಡ ಮೀನು" ಅನ್ನಿ. ಒಂದು ಮಾತಿಗೆ ಇನ್ನೊಂದು ಸೇರಿಸಿ ಹಿಂದಿರುಗಿಸಿ. ಮಗು ತಪ್ಪು ಹೇಳಿದರೆ "ತಪ್ಪು" ಅನ್ನಬೇಡಿ. ಸರಿಯಾದದ್ದನ್ನು ನೀವು ಹೇಳಿ ಮುಂದೆ ಹೋಗಿ.

ಹಾಡು ಹೇಳಿ. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರ ಹೆಸರು ನೀವೆಲ್ಲ ಕೇಳಿದ್ದೀರಿ. ಹಾಲಕ್ಕಿ ಹಾಡುಗಳ ಆ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಶಾಲೆಯಲ್ಲಿ ಓದಿದವರಲ್ಲ. ಅಷ್ಟೊಂದು ಹಾಡು ಅವರ ಬಾಯಲ್ಲಿ ನಿಂತದ್ದು ಕೇಳಿ ಕೇಳಿ. ಮಗುವೂ ಕಲಿಯುವುದು ಹಾಗೇ. ಒಂದೇ ಹಾಡನ್ನು ದಿನಾ ಹೇಳಿ, ಕೊನೆಯ ಮಾತು ಬಿಟ್ಟು ನಿಲ್ಲಿಸಿ ನೋಡಿ. ಒಂದು ದಿನ ಆ ಮಾತನ್ನು ಮಗುವೇ ತುಂಬುತ್ತದೆ.

ಮೊಬೈಲಿನಲ್ಲೂ ಹಾಡು ಬರುತ್ತದಲ್ಲ ಅನ್ನಬಹುದು. ಬರುತ್ತದೆ. ಆದರೆ ಮೊಬೈಲು ಮಗುವಿನ ಮುಖ ನೋಡುವುದಿಲ್ಲ, ಕಾಯುವುದಿಲ್ಲ, ಮಗು ಅಂದದ್ದಕ್ಕೆ ಉತ್ತರ ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಗುವಿನ ಕೈಗೆ ಮೊಬೈಲು ಬೇಡವೇ ಬೇಡ.

ಯಾವ ಮಾತಲ್ಲಿ ಕಲಿಸೂದು?

ಕಾರವಾರದ ಕಡೆ ಈ ಪ್ರಶ್ನೆ ದೊಡ್ಡದು. ಮನೆಯಲ್ಲಿ ಕೊಂಕಣಿ. ಶಾಲೆಯಲ್ಲಿ ಕನ್ನಡ. ಟಿ.ವಿ.ಯಲ್ಲಿ ಹಿಂದಿ. ಕೆಲವು ಮನೆಯಲ್ಲಿ ಮರಾಠಿ. ಮಾತು ತಡವಾದರೆ ಯಾರಾದರೂ ಹೇಳಿಬಿಡುತ್ತಾರೆ: "ಎರಡೆರಡು ಭಾಷೆಯಿಂದ ಮಗುವಿಗೆ ಗೊಂದಲ ಆಗ್ಯದೆ. ಕೊಂಕಣಿ ಬಿಡಿ, ಕನ್ನಡ ಒಂದೇ ಮಾತಾಡಿ." ಈಗೀಗ ಇಂಗ್ಲಿಷ್ ಒಂದೇ ಮಾತಾಡಿ ಎನ್ನುವವರೂ ಇದ್ದಾರೆ.

ಇದು ಸರಿಯಲ್ಲ. ಎರಡು ಭಾಷೆ ಕೇಳಿದ್ದರಿಂದ ಯಾವ ಮಗುವಿಗೂ ಮಾತಿನ ತೊಂದರೆ ಬರುವುದಿಲ್ಲ. ಎರಡೂ ಭಾಷೆಯ ಮಾತು ಕೂಡಿಸಿ ಲೆಕ್ಕ ಮಾಡಬೇಕು, ಅಷ್ಟೇ. ಮಗು ನೀರಿಗೆ 'ಉದಾಕ' ಅಂದರೂ ಒಂದು ಮಾತು. 'ನೀರು' ಅಂದರೂ ಒಂದು ಮಾತು. ನಿಮಗೆ ಯಾವುದು ಚೆನ್ನಾಗಿ ಬರುತ್ತದೋ, ಸಿಟ್ಟು ಬಂದಾಗ, ಮುದ್ದು ಮಾಡುವಾಗ ಯಾವುದು ಬಾಯಿಗೆ ಬರುತ್ತದೋ, ಅದರಲ್ಲೇ ಮಾತಾಡಿ. ಅದರಲ್ಲಿ ನಿಮಗೆ ಮಾತು ಹೆಚ್ಚು. ಬಾರದ ಭಾಷೆಯಲ್ಲಿ ತಾಯಿ ಎಷ್ಟು ಮಾತಾಡಿಯಾಳು? ಹಾಲಕ್ಕಿಯವರ ಕನ್ನಡವೂ ಅಷ್ಟೇ. ಅದು ಪುಸ್ತಕದ ಕನ್ನಡವಲ್ಲ, ನಿಜ. ಆದರೆ ಅದು ತಪ್ಪು ಮಾತೂ ಅಲ್ಲ, ರೋಗವೂ ಅಲ್ಲ. ಅದಕ್ಕೆ ಚಿಕಿತ್ಸೆ ಬೇಡ.

ಬಜೆ, ಹರಕೆ, ಗ್ರಹಣ

ಮಾತು ಸ್ಪಷ್ಟವಾಗಲಿ ಎಂದು ಜೇನಿನಲ್ಲಿ ಬಜೆ ತೇದು ನಾಲಿಗೆಗೆ ತಿಕ್ಕುತ್ತಾರೆ. ಬಜೆಯಿಂದ ಮಾತು ಬರುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನು ಅಪಾಯ, ಕೊಡಲೇಬಾರದು. ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರೆ ಮಾತು ಬರುತ್ತದೆ ಎನ್ನುತ್ತಾರೆ. ಮಾತೇ ಆಡದ ಮಗುವಿಗೆ ಅದು ಕಾರಣವಲ್ಲ. ದೇವರಿಗೆ ಗಂಟೆಯ ಹರಕೆ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಿ, ಬೇಡ ಎನ್ನುವುದಿಲ್ಲ. ಹರಕೆ ಹೊತ್ತ ವಾರವೇ ಆಸ್ಪತ್ರೆಗೂ ಹೋಗಿ.

ಸೀಳುತುಟಿಯ ಮಗು ಹುಟ್ಟಿದರೆ ತಾಯಿಯನ್ನು ಬಯ್ಯುತ್ತಾರೆ. "ಗ್ರಹಣದ ದಿನ ಹೊರಗೆ ಹೋಗಿದ್ದಳು, ಕತ್ತಿ ಹಿಡಿದಿದ್ದಳು." ಪಾಪ, ಹೆತ್ತು ಸುಸ್ತಾದವಳಿಗೆ ಇದೊಂದು ಪೆಟ್ಟು. ಗ್ರಹಣಕ್ಕೂ ತುಟಿಗೂ ಸಂಬಂಧ ಇಲ್ಲ. ಹೊಟ್ಟೆಯೊಳಗೆ ಮೊದಲ ಮೂರು ತಿಂಗಳಲ್ಲಿ ತುಟಿ, ಅಂಗುಳ ಕೂಡಿಕೊಳ್ಳಬೇಕು. ಕೆಲವೊಮ್ಮೆ ಕೂಡುವುದಿಲ್ಲ. ತುಟಿಯನ್ನು ಮೂರರಿಂದ ಆರು ತಿಂಗಳಲ್ಲಿ ಹೊಲಿಯುತ್ತಾರೆ. ಅಂಗುಳವನ್ನು ಸುಮಾರು ಒಂಬತ್ತು ತಿಂಗಳಿನಿಂದ ಒಂದೂವರೆ ವರ್ಷದೊಳಗೆ ಮುಚ್ಚುತ್ತಾರೆ. ಧಾರವಾಡದ ಎಸ್.ಡಿ.ಎಂ. ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗ ಇದೆ. ಅಂಗುಳ ತೆರೆದಿದ್ದರೆ ಗಾಳಿ ಮೂಗಿಗೆ ಹೋಗುತ್ತದೆ. 'ಪ', 'ಬ' ಬರುವುದಿಲ್ಲ. ಹೊಲಿದ ಮೇಲೆ ಗಾಳಿಯನ್ನು ಬಾಯಲ್ಲಿ ತಡೆದು 'ಪ' ಅನ್ನುವುದನ್ನು ವಾಕ್ ತಜ್ಞರು ಕಲಿಸುತ್ತಾರೆ.

ಉಗ್ಗು ಮಾತಿನ ಬಗ್ಗೆ ಒಂದು ಮಾತು. ಎರಡರಿಂದ ಐದು ವರ್ಷದ ಒಳಗೆ ಇದು ಶುರುವಾಗುವುದು ಹೆಚ್ಚು. ಬಹಳ ಮಕ್ಕಳಲ್ಲಿ ತಾನೇ ಹೋಗುತ್ತದೆ. ಆರು ತಿಂಗಳಾದರೂ ಹೋಗದಿದ್ದರೆ ತೋರಿಸಿ. ಮಗು ಉಗ್ಗುವಾಗ "ನಿಧಾನ ಹೇಳು", "ಉಸಿರು ತಗೋ" ಎಂದು ನಡುವೆ ಬಾಯಿ ಹಾಕಬೇಡಿ. ಅದರ ಮಾತನ್ನು ನೀವು ಮುಗಿಸಬೇಡಿ. ಮುಖ ನೋಡುತ್ತಾ ಕೇಳಿಸಿಕೊಳ್ಳಿ. ನಗುವವರನ್ನು ಮಾತ್ರ ಗದರಿಸಿ.

ಕೆಲವು ಮಕ್ಕಳಿಗೆ ಎಷ್ಟು ಮಾಡಿದರೂ ಬಾಯಿಮಾತು ಬರುವುದು ಕಷ್ಟ. ಅವರಿಗೆ ಕೈಸನ್ನೆಯ ಭಾಷೆ ಉಂಟು. ಚಿತ್ರ ತೋರಿಸಿ ಕೇಳುವ ದಾರಿ ಉಂಟು. ಸನ್ನೆ ಕಲಿಸಿದರೆ ಮಾತು ನಿಂತುಹೋಗುತ್ತದೆ ಎಂದು ಹೆದರಬೇಡಿ, ಹಾಗಾಗುವುದಿಲ್ಲ. ಹಸಿವು, ನೋವು, ಸಿಟ್ಟು, ಆಸೆ ಹೇಳಿಕೊಳ್ಳಲು ಒಂದು ದಾರಿ ಬೇಕು. ಅಂಥವರನ್ನು 'ಮೂಕ' ಎಂದು ಕರೆಯುವುದನ್ನು ನಾವು ಬಿಡಬೇಕು. ಅವರಿಗೂ ಹೆಸರಿದೆ.

ಹೋದ ಮಾತು

ಇನ್ನು ದೊಡ್ಡವರ ವಿಷಯ. ಮೊನ್ನೆಯವರೆಗೆ ಮನೆ ನಡೆಸಿದ ಅಜ್ಜ. ಬೆಳಿಗ್ಗೆ ಏಳುವಾಗ ಬಲಗೈ ಏಳಲಿಲ್ಲ. ಬಾಯಿ ವಾರೆ. ಮಾತು ಹೋಗಿದೆ. ಲಕ್ವ ಹೊಡೆದಿದೆ.

ಇಲ್ಲಿ ಮೊದಲ ಕೆಲಸ ವಾಕ್ ಚಿಕಿತ್ಸೆ ಅಲ್ಲ. 108ಕ್ಕೆ ಫೋನು. ಮಿದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ ಅದನ್ನು ಬಿಡಿಸುವ ಇಂಜೆಕ್ಷನ್ ಇದೆ. ಅದನ್ನು ಕೊಡಲು ಸುಮಾರು ನಾಲ್ಕೂವರೆ ಗಂಟೆಯಷ್ಟೇ ಸಮಯ. ಮೊದಲು ತಲೆಯ ಸ್ಕ್ಯಾನ್ ಆಗಬೇಕು. ನಾಟಿ ಎಣ್ಣೆ ತಿಕ್ಕುತ್ತಾ ಮಧ್ಯಾಹ್ನ ಮಾಡಿದರೆ ಆ ಸಮಯ ಹೋಯಿತು.

ಹೆಚ್ಚಿನವರಿಗೆ ಮಾತಿನ ಜಾಗ ಮಿದುಳಿನ ಎಡಭಾಗದಲ್ಲಿದೆ. ಬಲಗೈ ಬಲಗಾಲು ಆಡಿಸುವುದೂ ಎಡಭಾಗವೇ. ಅದಕ್ಕೇ ಬಲಗಡೆ ಲಕ್ವ ಆದವರಲ್ಲಿ ಮಾತೂ ಹೋಗುವುದು ಹೆಚ್ಚು. ಅಜ್ಜನಿಗೆ ನೀರು ಬೇಕು. ನೀರು ಎಂದರೇನು ಎಂದು ಗೊತ್ತು. ಆದರೆ ಆ ಮಾತು ಸಿಕ್ಕುವುದಿಲ್ಲ. "ದೋಣಿ" ಎಂದು ಬಾಯಿಗೆ ಬರುತ್ತದೆ. ತಪ್ಪು ಎಂದು ಅವನಿಗೇ ತಿಳಿಯುತ್ತದೆ. ಅಳು ಬರುತ್ತದೆ. ಮನೆಯವರು "ತಲೆ ಕೆಟ್ಟದೆ" ಅನ್ನುತ್ತಾರೆ. ತಲೆ ಕೆಟ್ಟಿಲ್ಲ. ಬುದ್ಧಿ ಇದೆ, ದಾರಿ ಮುಚ್ಚಿದೆ.

ವಾಕ್ ತಜ್ಞರು ಬೇರೆ ದಾರಿ ಹುಡುಕುತ್ತಾರೆ. ಕೆಲವರಿಗೆ ಮಾತು ಬಾರದಿದ್ದರೂ ಹಾಡು ಬರುತ್ತದೆ! "ನೀರು ಕೊಡು" ಎನ್ನಲಾಗದವನು ಹಳೆಯ ಭಜನೆಯನ್ನು ಮಾತುಸಹಿತ ಹೇಳುವುದುಂಟು. ಹಾಡಿನ ಧಾಟಿಯಲ್ಲೇ ಮೆಲ್ಲಗೆ "ನೀ-ರು ಬೇ-ಕು" ಕಲಿಸುತ್ತಾರೆ. ಮನೆಯಲ್ಲಿ ನೀವು ಒಂದೊಂದೇ ಮಾತು ಕೇಳಿ. "ಚಾ ಬೇಕೋ, ಗಂಜಿ ಬೇಕೋ?" ಎರಡನ್ನೂ ತೋರಿಸಿ. ತಲೆ ಆಡಿಸಿದರೂ ಉತ್ತರವೇ. ಎದುರಿಗೆ ಕೂರಿಸಿಕೊಂಡು ಕೂಗಿ ಮಾತಾಡಬೇಡಿ. ಕಿವಿಗೆ ಏನೂ ಆಗಿಲ್ಲ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಬೇಗ. ಆಮೇಲೂ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ.

ಲಕ್ವ ಆದವರಿಗೆ ಮಲಗಿಸಿ ಗಂಜಿ ಹೊಯ್ಯಬೇಡಿ. ನುಂಗುವ ಶಕ್ತಿ ಕಡಿಮೆ ಇರುತ್ತದೆ. ಗಂಜಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹೇಗೆ ನುಂಗಿಸಬೇಕು ಎಂದು ಹೇಳುವವರೂ ವಾಕ್ ತಜ್ಞರೇ.

ಕೂಗಿ ಮಾರುವ ಅಕ್ಕಂದಿರಿಗೂ ಒಂದು ಮಾತು. ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ ಗಂಟಲು ತೋರಿಸಿ. ಎಲೆ ಅಡಿಕೆ ಜೊತೆ ತಂಬಾಕು ಹಾಕುವವರು ಇನ್ನೂ ಬೇಗ ತೋರಿಸಿ. ಪೇಟೆಯಲ್ಲಿ ಆಗಾಗ ನೀರು ಕುಡಿಯಿರಿ. ದನಿ ನಿಮ್ಮ ದುಡಿಮೆಯ ಸಾಮಾನು, ಬುಟ್ಟಿಯಷ್ಟೇ ಮುಖ್ಯ.

ಎಲ್ಲಿಗೆ ಹೋಗೂದು?

ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಅಕ್ಕೋರಿಗೆ ಹೇಳಿ. 'ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ' 2013ರಲ್ಲಿ ಶುರುವಾಯಿತು. ಇದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಅವರು ಬಂದ ದಿನ ಮಗುವನ್ನು ತಪ್ಪಿಸಬೇಡಿ. "ಮಾತು ಬರೂದಿಲ್ಲ" ಎಂದು ನೀವೇ ಬಾಯಿ ಬಿಟ್ಟು ಹೇಳಿ. ಸಾಲಿನಲ್ಲಿ ನಿಂತ ಮಗು ಸುಮ್ಮನಿದ್ದರೆ ಅವರು ನಾಚಿಕೆ ಎಂದುಕೊಳ್ಳಬಹುದು.

ಅಂಕೋಲೆಯವರಿಗೆ ತಾಲೂಕು ಆಸ್ಪತ್ರೆ ಇದೆ. ಅಲ್ಲಿಂದ ಚೀಟಿ ಪಡೆದು ಕಾರವಾರಕ್ಕೆ ಹೋಗಬಹುದು. ಕಾರವಾರದ ಜಿಲ್ಲಾ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಜನ 'ಕ್ರಿಮ್ಸ್' ಎನ್ನುತ್ತಾರೆ. ಅಲ್ಲಿ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೇಳಿ. ಯಾವ ದಿನ, ಯಾವ ಹೊತ್ತಿಗೆ ಬರಬೇಕು ಎಂದು ಮೊದಲೇ ಫೋನು ಮಾಡಿಸಿ ತಿಳಿದುಕೊಳ್ಳಿ. ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಅಷ್ಟು ದೂರ ಹೋಗಿ ಬರಿಗೈಲಿ ಬರುವುದು ಬೇಡ.

ಮೈಸೂರಿನಲ್ಲಿ ಇದಕ್ಕೆಂದೇ ದೊಡ್ಡ ಸಂಸ್ಥೆ ಇದೆ. ಹೆಸರು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಶುರುವಾಯಿತು. ಕೇಂದ್ರ ಸರ್ಕಾರದ್ದು, ಮಾನಸಗಂಗೋತ್ರಿಯಲ್ಲಿದೆ. ದೇಶದ ಎಲ್ಲಾ ಕಡೆಯಿಂದ ಅಲ್ಲಿಗೆ ಬರುತ್ತಾರೆ. ಅಲ್ಲಿ ಕಲಿತವರೇ ಹಲವು ಆಸ್ಪತ್ರೆಗಳಲ್ಲಿ ವಾಕ್ ತಜ್ಞರಾಗಿದ್ದಾರೆ. ದೂರದವರಿಗೆ ಮೊಬೈಲಿನಲ್ಲಿ ಮುಖ ನೋಡಿಕೊಂಡು ಕಲಿಸುವ ವ್ಯವಸ್ಥೆಯೂ ಅವರಲ್ಲಿದೆ. ಮಗುವಿನ ಕೈಗೆ ಮೊಬೈಲು ಬೇಡ ಎಂದೆವು. ಈ ಕೆಲಸಕ್ಕೆ ಬೇಕು.

ಹೋಗುವಾಗ ತಾಯಿ ಕಾರ್ಡು, ಆಧಾರ್, ರೇಷನ್ ಕಾರ್ಡು ಹಿಡಿದುಕೊಳ್ಳಿ. ಇನ್ನೊಂದು ಸಣ್ಣ ನೋಟುಬುಕ್ಕು ಬೇಕು. ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: "ಮಗು ಈಗ ಎಷ್ಟು ಮಾತು ಆಡ್ತದೆ? ಯಾವ ಯಾವ ಮಾತು?" ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ. ಒಂದು ವಾರ ಮೊದಲೇ ಬರೆಯಲು ಶುರು ಮಾಡಿ. ಮಗು ಹೇಗೆ ಅನ್ನುತ್ತದೋ ಹಾಗೇ ಬರೆಯಿರಿ. ಕೊಂಕಣಿ ಮಾತಾದರೂ ಕನ್ನಡ ಅಕ್ಷರದಲ್ಲಿ ಬರೆಯಬಹುದು. ಪಕ್ಕದಲ್ಲಿ ತಾರೀಕು ಹಾಕಿ. ಅಕ್ಷರ ಸೊಟ್ಟ ಆದರೆ ಯಾರೂ ನಗುವುದಿಲ್ಲ.

ಬೇಲೆಕೇರಿಯ ಆ ತಾಯಿಯ ನೋಟುಬುಕ್ಕಿನ ಮೊದಲ ಪುಟದಲ್ಲಿ ಎರಡೇ ಸಾಲು ಇರುತ್ತದೆ. 'ಆಯಿ'. 'ಬಾಬಾ'. ಎರಡನೆಯ ಪುಟಕ್ಕೆ ತಿಂಗಳಾಗಬಹುದು. ಅಲ್ಲಿ ಮೊದಲು ಬರೆಯುವುದು 'ಉದಾಕ'ವೋ, 'ಬಂಗಡೆ'ಯೋ, 'ಚೆ'ಯೋ ಯಾರಿಗೆ ಗೊತ್ತು?